ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಕೆಳಗೆ

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ನೋಡೋಕೆ ಬೈನಾಕ್ಯುಲರ್ ಬೇಕಿಲ್ಲ. ಮನೆ ಹಿತ್ತಲಿನ ಹುಣಸೆಮರದಲ್ಲೇ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ಗೂಡು ಕಟ್ಟಿ ಕೂತಿರುತ್ತವೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು, ಹಳದಿ ಕೊಕ್ಕು, ಹಿಂದೆ ಗುಲಾಬಿ ಗರಿ. ಕೆಳಗೆ ಎಮ್ಮೆ ಕಟ್ಟಿದ್ದಾರೆ, ಬಟ್ಟೆ ಒಣಹಾಕಿದ್ದಾರೆ, ಮಕ್ಕಳು ಕೂಗಾಡುತ್ತಿದ್ದಾರೆ. ಹಕ್ಕಿಗಳಿಗೂ ಅದರ ಚಿಂತೆಯಿಲ್ಲ. ರಂಗನತಿಟ್ಟು ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದರೆ ಅಲ್ಲಿ ನಾವು ದೋಣಿಯಲ್ಲಿ ಕೂತು ದೂರದಿಂದ ನೋಡಿ ಬರುವವರು. ಇಲ್ಲಿ ಹಕ್ಕಿ ಊರಿನದು.

ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರು-ಮೈಸೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ಇಳಿದು 12 ಕಿಲೋಮೀಟರ್ ಒಳಗೆ ಹೋಗಬೇಕು. ನಿಲ್ಲಿಸ್ತೀವಿ ಅಂತ ಹೇಳಿ ಹತ್ತಿಸಿಕೊಂಡ ಬಸ್ಸಿನವರು ಎಕ್ಸ್‌ಪ್ರೆಸ್‌ವೇ ಮೇಲೇ ಓಡಿಸಿ ನಮ್ಮನ್ನು ಮದ್ದೂರಿನಲ್ಲಿ ಇಳಿಸಿದರು. ಬಿಸಿಲಲ್ಲಿ ಆಟೋಗೆ ಚೌಕಾಸಿ ಮಾಡಿದ್ದು ಈಗಲೂ ಸಿಟ್ಟು ತರಿಸುತ್ತದೆ. ಹತ್ತುವ ಮುಂಚೆ 'ಸರ್ವಿಸ್ ರೋಡಲ್ಲಿ ಹೋಗುತ್ತಾ?' ಅಂತಲೇ ಕೇಳಿ.

ಊರಿನಲ್ಲಿ ಒಬ್ಬರು ಅಜ್ಜಿ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಮೀನಿನ ವಾಸನೆ ಗಟ್ಟಿಯಾಗೇ ಇತ್ತು. ಕಷ್ಟ ಆಗಲ್ವಾ ಅಂದೆ.

"ಮನೇಲಿ ಕೂಸು ಇದ್ರೆ ವಾಸ್ನೆ ಬರಾಕಿಲ್ವಾ ಕಣಪ್ಪ?" ಅಂದರು.

ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಇಲ್ಲಿಯವರು ಈ ಹಕ್ಕಿಗಳನ್ನು ಕಾಣುವುದು. ಅದನ್ನು ಮೊದಲೇ ಓದಿದ್ದೆ, ಬರೀ ಚಂದದ ಮಾತು ಅಂದುಕೊಂಡಿದ್ದೆ. ಅಜ್ಜಿ ಲೆಕ್ಕ ಹೇಳಿದರು. ಗೂಡಿರುವ ಮರದ ಹುಣಸೆಹಣ್ಣು ಕೈಗೆ ಸಿಗಲ್ಲ. ಅದಕ್ಕೆ ಸರ್ಕಾರದಿಂದ ಸ್ವಲ್ಪ ಹಣ ಬರುತ್ತದೆ, ಆದರೆ ಹಣ್ಣು ಮಾರಿದಷ್ಟು ಆಗಲ್ಲ. ಮರದ ಕೆಳಗೆ ಗುಂಡಿ ತೋಡಿ ಹಿಕ್ಕೆ ಹಿಡಿದು, ಕೆರೆಯ ಹೂಳಿನ ಜೊತೆ ಗದ್ದೆಗೆ ಹಾಕುತ್ತಾರೆ. ಅದೊಂದು ಲಾಭ.

"ನಮ್ಮಾವ ಒಂದ್ಸಲ ಮರ ಮಾರ್ಬುಡ್ತೀನಿ ಅಂದ್ರು. ನಮ್ಮತ್ತೆ ಬುಡ್ಲಿಲ್ಲ. ಬಾಣಂತಿ ಮಲಗಿರೋ ಮಂಚ ಯಾರಾದ್ರೂ ಮಾರ್ತಾರಾ ಅಂದ್ಬುಟ್ರು."

ಪ್ಲೇಗು ಬಂದು ಊರು ಶಿಂಷಾ ದಡ ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಇದನ್ನು ಅಜ್ಜಿ ನೆಂಟರ ಸುದ್ದಿಯ ಹಾಗೆ ಹೇಳಿದರು.

ಗಾಳಿಗೆ ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ತಂತಿಬೇಲಿಯ ಆವರಣದಲ್ಲಿಟ್ಟು ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾ ಬಂದಿದೆ. 2007ರಲ್ಲಿ ಈ ಜಾಗವನ್ನು ಸಮುದಾಯ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಆದರೂ 2017ರ ಕೊನೆಯಿಂದ ಹುಳುಬಾಧೆ ಬಂದು ಎಷ್ಟೋ ಹೆಜ್ಜಾರ್ಲೆಗಳು ಸತ್ತವು. ಅದರ ಮಾತು ಬಂದಾಗ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಸುತ್ತಿನ ಕೆರೆಗಳು ಬತ್ತಿದರೆ, ಕೊಳಚೆ ಸೇರಿದರೆ, ಈ ಮಕ್ಕಳು ಊಟಕ್ಕೆ ಎಲ್ಲಿಗೆ ಹೋಗಬೇಕು? ಮರ ಉಳಿಸುವುದು ಅಜ್ಜಿಯ ಕೈಲಿದೆ, ಕೆರೆ ಅವರೊಬ್ಬರ ಕೈಲಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಗೂಡುಗಳಲ್ಲಿ ಮರಿ ಇರುತ್ತವೆ. ಡ್ರೋನ್ ಹಾರಿಸಬೇಡಿ, ಮರದ ಕೆಳಗೆ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಯಾರಾದರೂ ಜಗಲಿಗೆ ಕರೆದರೆ ಕ್ಯಾಮೆರಾ ಒಳಗಿಟ್ಟು ಕೂತುಕೊಳ್ಳಿ.