ಮಾವ ಕೊಟ್ಟರೆ ತೆರಿಗೆಯಿಲ್ಲ, ಅಳಿಯ ಕೊಟ್ಟರೆ?

"ಅಜ್ಜನ ಸೈಟು ಮಾರಿದ ದುಡ್ಡಲ್ಲಿ ಸೋದರಮಾವ ನನಗೆ ಹತ್ತು ಲಕ್ಷ ಕೊಡ್ತಾರಂತೆ. ನಾನು ಟ್ಯಾಕ್ಸ್ ಕಟ್ಟಬೇಕಾ?" ಹೆಸರು, ಮೊತ್ತ ಬೇರೆಯಾದರೂ ಪ್ರಶ್ನೆ ಇದೇ. ಕಟ್ಟಬೇಕಿಲ್ಲ. ಆದರೆ ಅದೇ ಹತ್ತು ಲಕ್ಷವನ್ನು ನೀವು ಮಾವನಿಗೆ ಕೊಟ್ಟರೆ ಅವರು ಕಟ್ಟಬೇಕು.

ಪಿತ್ರಾರ್ಜಿತವಾಗಿ ಬಂದದ್ದಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ. ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ 1985ರಲ್ಲೇ ಹೋಯಿತು. (ಸೈಟು ಮಾರಿದ ಲಾಭಕ್ಕೆ ಮಾವ ಕ್ಯಾಪಿಟಲ್ ಗೇನ್ಸ್ ತೆರಿಗೆ ಕಟ್ಟಬೇಕು, ಅದು ಬೇರೆ ಲೆಕ್ಕ.) ಉಡುಗೊರೆ ಕೊಡುವವರ ಮೇಲಿದ್ದ ಗಿಫ್ಟ್ ಟ್ಯಾಕ್ಸ್ 1998ರಲ್ಲಿ ರದ್ದಾಯಿತು. ಈಗ ಕೇಳುವುದು ಪಡೆದವರನ್ನು. ಹೊರಗಿನವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿತೋ, ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. 60,000 ಬಂದರೆ ಅಷ್ಟಕ್ಕೂ ತೆರಿಗೆ. ಕೊಟ್ಟವರು ಕಾಯ್ದೆ ಹೇಳುವ 'ಸಂಬಂಧಿ'ಯಾದರೆ ಮಿತಿಯೇ ಇಲ್ಲ.

ಯಾರು ಸಂಬಂಧಿ? ಗಂಡ ಅಥವಾ ಹೆಂಡತಿ, ಇಬ್ಬರ ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಎರಡೂ ಕಡೆಯ ನೇರ ವಂಶದ ಹಿರಿಯರು ಕಿರಿಯರು, ಮತ್ತೆ ಇವರೆಲ್ಲರ ಗಂಡ ಹೆಂಡಿರು. ಈ ಪಟ್ಟಿಯನ್ನು ಪಡೆಯುವವರ ಕಡೆಯಿಂದ ಓದಬೇಕು. ನಿಮಗೆ ಮಾವ ಅಮ್ಮನ ತಮ್ಮ, ಸರಿ. ಮಾವನಿಗೆ ನೀವು ಅಕ್ಕನ ಮಗ. ಆ ನಂಟು ಪಟ್ಟಿಯಲ್ಲಿಲ್ಲ. ಮಾವನ ಮಗಳನ್ನೇ ಮದುವೆಯಾಗಿದ್ದರೆ ಮಗಳ ಗಂಡನಾಗಿ ಒಳಗೆ ಬರುತ್ತೀರಿ! ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂತೂ ಒಂದೇ ಮನೆಯಲ್ಲಿ ಬೆಳೆದಿದ್ದರೂ ಹೊರಗಿನವರೇ.

ಇಲ್ಲಿ ಜನ ತಾವಾಗಿ ಬೀಳುವ ಒಂದು ಹಳ್ಳವಿದೆ. ಅಜ್ಜನ ಎಫ್‌ಡಿಗೆ ಮಗಳ ಮಗ ನಾಮಿನಿ ಎಂದುಕೊಳ್ಳಿ. ಉಯಿಲಿಲ್ಲ. ಬ್ಯಾಂಕು ಹಣವನ್ನು ಅವನ ಖಾತೆಗೆ ಹಾಕುತ್ತದೆ, ಅವನು ಮಾವಂದಿರ ಪಾಲು ಹಂಚುತ್ತಾನೆ. ನಾಮಿನಿ ಹಣದ ಮಾಲೀಕನಲ್ಲ, ವಾರಸುದಾರರ ಪರವಾಗಿ ಹಿಡಿದುಕೊಂಡವನು, ಹಾಗಾಗಿ ಇದು ಉಡುಗೊರೆಯೇ ಅಲ್ಲ. ಆದರೆ ಪತ್ರದಲ್ಲಿ 'ಪ್ರೀತಿಯಿಂದ ಉಡುಗೊರೆ' ಎಂದು ಬರೆದುಬಿಟ್ಟರೆ ಇಲ್ಲದ ತೆರಿಗೆಯನ್ನು ಮಾವಂದಿರ ತಲೆಗೆ ಕಟ್ಟಿದ ಹಾಗೆ. 'ವಾರಸು ಪಾಲು' ಎಂದೇ ಬರೆಯಿರಿ.

ಇನ್ನೊಂದು ತೊಡಕು ಬಡ್ಡಿಯದು. ಗಂಡ ತನಗೆ ಬಂದ 20 ಲಕ್ಷವನ್ನು ಹೆಂಡತಿಗೆ ಕೊಟ್ಟ, ಆಕೆ ಶೇ. 7ರ ಎಫ್‌ಡಿ ಇಟ್ಟಳು. ಹಣಕ್ಕೆ ತೆರಿಗೆಯಿಲ್ಲ. ವರ್ಷದ 1,40,000 ಬಡ್ಡಿ ಮಾತ್ರ ಗಂಡನ ಆದಾಯಕ್ಕೇ ಸೇರುತ್ತದೆ. ಆ ಬಡ್ಡಿಯನ್ನು ಆಕೆ ಮತ್ತೆ ಠೇವಣಿ ಇಟ್ಟರೆ ಅದರಿಂದ ಬರುವ 9,800 ಆಕೆಯದು. ಆದ್ದರಿಂದ ಎರಡು ಎಫ್‌ಡಿ ಬೇರೆ ಬೇರೆ ಇಡುವುದು ಜಾಣತನ. ಸೊಸೆಗೆ ಕೊಟ್ಟರೂ ಬಡ್ಡಿ ಅತ್ತೆ ಅಥವಾ ಮಾವನ ಲೆಕ್ಕಕ್ಕೇ. ಅಳಿಯನಿಗೆ ಕೊಟ್ಟರೆ ಈ ಕಾಟವಿಲ್ಲ, ಯಾಕೆಂದು ಕಾಯ್ದೆ ಬರೆದವರನ್ನೇ ಕೇಳಬೇಕು. ಹದಿನೆಂಟು ದಾಟಿದ ಮಕ್ಕಳಿಗೆ ಕೊಟ್ಟದ್ದರ ಬಡ್ಡಿ ಅವರದೇ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ಮೇಲಿನ ನಿಯಮಗಳು ಹಾಗೇ ಇವೆ.

ಹಣದ ಉಡುಗೊರೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿಲ್ಲ. ಒಂದು ಪತ್ರ ಸಾಕು: ಇಬ್ಬರ ಹೆಸರು, ಪ್ಯಾನ್, ನಂಟು, ಮೊತ್ತ, ತಾರೀಖು, ವರ್ಗಾವಣೆಯ ಯುಟಿಆರ್ ನಂಬರು (ಬ್ಯಾಂಕು ಪ್ರತಿ ವರ್ಗಾವಣೆಗೆ ಕೊಡುವ ಗುರುತಿನ ಸಂಖ್ಯೆ), ಪ್ರತಿಫಲವಿಲ್ಲದೆ ಕೊಟ್ಟಿದ್ದು ಎಂಬ ಮಾತು, ಹಣ ಯಾರಿಂದ ಬಂತು ಎಂಬ ಒಂದು ಸಾಲು. ಇಬ್ಬರೂ ಸಹಿ ಹಾಕಿ, ತೀರಿಕೊಂಡವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಸ್ಟೇಟ್‌ಮೆಂಟಿನ ನಕಲು ಜೊತೆಗಿಡಿ. ನೋಟಿಸ್ ಬಂದಾಗ ಆಡಿಟರ್ ಮೊದಲು ಕೇಳುವುದೇ ಇವನ್ನು. ನಗದು ಮಾತ್ರ ಬೇಡ. ಎರಡು ಲಕ್ಷ ಅಥವಾ ಹೆಚ್ಚು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ, ಕೊಟ್ಟವರು ಹೆತ್ತ ತಾಯಿಯಾದರೂ.