ಕರೆ ಹೋಗಿ ಕಲೆ ಆಗಿತ್ತು

ವರ್ಷವಿಡೀ ಒಂದೇ ಟೆಕ್ಸ್ಟ್ ಫೈಲ್ ತೆರೆದು, ಅದರಲ್ಲೇ ದಿನದ ಟಿಪ್ಪಣಿ ಸೇರಿಸುತ್ತಾ ಹೋಗುವುದು ನನ್ನ ರೂಢಿ. ಕಳೆದ ತಿಂಗಳು ಹಳೆಯ ಸಾಲೊಂದು ಕಣ್ಣಿಗೆ ಬಿತ್ತು: ‘ಅಕ್ಕನಿಗೆ ಕಲೆ ಮಾಡಬೇಕು’. ಅದು ‘ಕರೆ’ ಇರಬೇಕಿತ್ತು. ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂದುಕೊಂಡೆ. ಬ್ಯಾಕಪ್‌ನಲ್ಲಿದ್ದ ಹಳೆಯ ಪ್ರತಿ ತೆಗೆದು ನೋಡಿದರೆ, ಅಲ್ಲಿ ‘ಕರೆ’ ಅಂತಲೇ ಇದೆ. ಎದೆ ಧಸಕ್ಕೆಂದಿತು.

ಆ ಹೊತ್ತಿಗಾಗಲೇ ಕಂಪ್ಯೂಟರ್ ಎರಡು ತಿಂಗಳಿಂದ ಕಾಡುತ್ತಿತ್ತು. ಬ್ರೌಸರ್ ಟ್ಯಾಬ್ ತಾನಾಗಿ ಮುಚ್ಚಿಕೊಳ್ಳುವುದು, ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ತಪ್ಪು (ಒಳಗಿನ ದತ್ತಾಂಶ ತಾಳೆಯಾಗುತ್ತಿಲ್ಲ) ಅನ್ನುವುದು, ವಾರಕ್ಕೊಮ್ಮೆ ನೀಲಿ ಪರದೆ. ಆ ಪರದೆಯ ಮೇಲೆ ಪ್ರತಿ ಸಲವೂ ಬೇರೆ ತಪ್ಪಿನ ಹೆಸರು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಬದಲಾಗುತ್ತಾ ಹೋದರೆ ಮೊದಲು ಕಂಪ್ಯೂಟರ್‌ನ ತಾತ್ಕಾಲಿಕ ನೆನಪು, ಅಂದ್ರೆ ರ‍್ಯಾಮ್ ಮೇಲೆ ಅನುಮಾನ ಪಡಿ. ನಾನು ಸುಮ್ನೆ ಎರಡು ಸಲ ವಿಂಡೋಸ್ ಹಾಕಿ ಸಮಯ ಕಳೆದೆ.

ಕೊನೆಗೆ ಪೆನ್ ಡ್ರೈವ್‌ಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ರಾತ್ರಿಯಿಡೀ ಓಡಿಸಿದೆ. ಮೊದಲ ಸುತ್ತು ಶುದ್ಧ. ಎರಡನೆಯದರಲ್ಲಿ ಕೆಂಪು ಸಾಲುಗಳು. ಬರೆದದ್ದು 00000000, ಓದಿದಾಗ ಸಿಕ್ಕಿದ್ದು 00000002. ಪ್ರತಿ ಸಾಲಿನಲ್ಲೂ ಅದೇ 2. ಅಂದ್ರೆ ಒಂದೇ ಒಂದು ಬಿಟ್ (0 ಅಥವಾ 1 ಇರುವ ಒಂದು ಜಾಗ) ಸೊನ್ನೆಯಾಗಿ ಉಳಿಯುತ್ತಿಲ್ಲ.

ಈಗ ನನ್ನ ‘ಕಲೆ’ ನೋಡಿ. ಅಕ್ಷರಗಳನ್ನು ಸಂಖ್ಯೆಯಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಕ್ಕೆ 3 ಬೈಟ್, ಒಂದು ಬೈಟ್‌ಗೆ 8 ಬಿಟ್. ‘ರ’ ಮತ್ತು ‘ಲ’ದ ಮೊದಲ ಎರಡು ಬೈಟ್ ಒಂದೇ. ಕೊನೆಯದು ‘ರ’ಕ್ಕೆ 10110000, ‘ಲ’ಕ್ಕೆ 10110010. ಬಲದಿಂದ ಎರಡನೆಯ ಬಿಟ್ ಮಾತ್ರ ಬೇರೆ. ಮೆಮ್‌ಟೆಸ್ಟ್ ತೋರಿಸಿದ ಆ 2 ಇದೇ ಬಿಟ್! ಫೈಲ್ ತೆರೆದಾಗ ರ‍್ಯಾಮ್‌ನಲ್ಲಿ ಅಕ್ಷರ ಬದಲಾಯಿತು, ಸೇವ್ ಮಾಡಿದಾಗ ತಪ್ಪೇ ಡಿಸ್ಕ್‌ಗೆ ಹೋಯಿತು.

ಯಾವ ರ‍್ಯಾಮ್ ಕಡ್ಡಿ ಕೆಟ್ಟಿದೆ ಅಂತ ಹುಡುಕುವ ಮೊದಲು ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪರದೆ) ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಆಫ್ ಮಾಡಿ. ಅದು ಒಂಥರಾ ಓವರ್‌ಕ್ಲಾಕ್, ಅಂದ್ರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು, ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ನನ್ನದು ಆಫ್ ಮಾಡಿದರೂ ಹೋಗಲಿಲ್ಲ. ಒಂದೊಂದೇ ಕಡ್ಡಿ ಹಾಕಿ ಓಡಿಸಿದೆ. ಒಂದರಲ್ಲಿ ತಪ್ಪು ಬಂತು. ಅದನ್ನೇ ಬೇರೆ ಸ್ಲಾಟ್‌ಗೆ ಹಾಕಿದೆ, ಅಲ್ಲೂ ಬಂತು. ತಪ್ಪು ಕಡ್ಡಿಯ ಜೊತೆ ಹೋದರೆ ಕಡ್ಡಿಯದು, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್‌ನದು. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ಬೇಡ.

ಹೇಗೂ ಹೊಸ ಕಂಪ್ಯೂಟರ್ ಜೋಡಿಸಬೇಕಿತ್ತು. ರೈಜೆನ್ 9000 ಪ್ರೊಸೆಸರ್, ಡಿಡಿಆರ್5 ರ‍್ಯಾಮ್. ಎಲ್ಲರೂ ಹೇಳುವುದು 6000 ವೇಗ, ಸಿಎಲ್30 (ಕೇಳಿದ್ದನ್ನು ಕೊಡುವ ಮೊದಲು ರ‍್ಯಾಮ್ ಕಾಯಿಸುವ ಸುತ್ತುಗಳ ಎಣಿಕೆ). ಆಟಕ್ಕೆ ಅದು ಒಳ್ಳೆಯದೇ. ಲೇಟೆನ್ಸಿ, ಅಂದ್ರೆ ಆ ಕಾಯುವ ಹೊತ್ತು, ಲೆಕ್ಕ ಹಾಕಿದರೆ 10 ನ್ಯಾನೋಸೆಕೆಂಡ್, ಹಳೆಯ ಡಿಡಿಆರ್4 3200 ಸಿಎಲ್16ರಷ್ಟೇ. ಆದರೆ ಈ ಸಲ ನನಗೆ ವೇಗಕ್ಕಿಂತ ಅಕ್ಷರ ಮುಖ್ಯ ಅನಿಸಿತು. 5600 ಸಿಎಲ್46ರ ಇಸಿಸಿ ಕಡ್ಡಿ, ಅಂದ್ರೆ ಬದಲಾದ ಬಿಟ್ಟನ್ನು ಹಿಡಿದು ತಿದ್ದುವಂಥದ್ದು, ತಗೊಂಡೆ. ಲೇಟೆನ್ಸಿ 16 ದಾಟುತ್ತದೆ, ದುಡ್ಡೂ ಜಾಸ್ತಿ. ಪರವಾಗಿಲ್ಲ.

ಎಲ್ಲ ಡಿಡಿಆರ್5ಗೂ ಇಸಿಸಿ ಇದೆಯಲ್ಲ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಚಿಪ್‌ನ ಒಳಗಿನ ತಪ್ಪಿಗೆ ಮಾತ್ರ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ. ಪೂರ್ತಿ ಇಸಿಸಿ ಬೇಕಿದ್ದರೆ ಬೋರ್ಡ್‌ನ ವಿವರದಲ್ಲಿ ಬೆಂಬಲ ಇದೆ ಅಂತ ಸ್ಪಷ್ಟವಾಗಿ ಬರೆದಿರಬೇಕು, ಕಡ್ಡಿ ಇಸಿಸಿ ಇರುವ ಯುಡಿಮ್ (ಸಾಮಾನ್ಯ ಕಂಪ್ಯೂಟರ್‌ನ ಬಗೆ) ಆಗಿರಬೇಕು. ಸರ್ವರ್‌ನ ಆರ್‌ಡಿಮ್ ಕಡ್ಡಿ ಈ ಸ್ಲಾಟ್‌ಗೆ ಕೂರುವುದೇ ಇಲ್ಲ.

ಇನ್ನೊಂದು, ನಾಲ್ಕು ಕಡ್ಡಿ ಬೇಡ. ಈ ಪ್ರೊಸೆಸರ್‌ಗಳಲ್ಲಿ ಎರಡು ಕಡ್ಡಿಗೆ 5600ರವರೆಗೆ ಅಧಿಕೃತ ಬೆಂಬಲ, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಎಷ್ಟು ಬೇಕೋ ಅಷ್ಟನ್ನೂ ಎರಡು ಕಡ್ಡಿಯ ಒಂದೇ ಕಿಟ್‌ನಲ್ಲಿ ತಗೊಳ್ಳಿ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿ ಟ್ರೇನಿಂಗ್, ಅಂದ್ರೆ ಬೋರ್ಡ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುವುದು, ಹೆದರಿ ಸ್ವಿಚ್ ಒತ್ತಬೇಡಿ.

ವಿಂಡೋಸ್ ಹಾಕುವ ಮೊದಲೇ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆ. ಬೆಳಗ್ಗೆ ನೋಡಿದರೆ ತಪ್ಪು ಸೊನ್ನೆ. ಆಮೇಲೆ ಟಿಪ್ಪಣಿ ಫೈಲನ್ನು ಹಳೆಯ ಬ್ಯಾಕಪ್ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಇನ್ನೊಂದು ಸಿಕ್ಕಿತು: ‘ಅಡುಗೆಮನೆ ನಲ್ಲಿ ಸೋಲುತ್ತಿದೆ’. ‘ಸೋರುತ್ತಿದೆ’ ಅಂತ ತಿದ್ದಿದೆ. ಫೋಟೋಗಳ ಹೋಲಿಕೆ ಇನ್ನೂ ನಡೆಯುತ್ತಿದೆ.