ಒಂದೇ ಕಪ್ಪೆ ಇರುವ ಜಾಗ

ಆಗುಂಬೆ ಸೀಮೆಯ ಕಾಡಿನಲ್ಲಿ ರಾತ್ರಿ ಹೊತ್ತು ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಿ, ಅವು ಕುಳಿತ ಎತ್ತರವನ್ನು ಟೇಪು ಹಿಡಿದು ಅಳೆದು ಬರೆದಿಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಒಂದು ಹಳ್ಳದ ದಂಡೆಯಲ್ಲಿ ಎರಡು ಜಾತಿಯ ಪೊದೆಗಪ್ಪೆಗಳು ಸಿಕ್ಕಿದವು. ಒಂದು ಮೊಣಕಾಲೆತ್ತರದ ಗಿಡಗಳ ಎಲೆಯ ಮೇಲೆ ಕುಳಿತು ಕೂಗುತ್ತಿತ್ತು. ಇನ್ನೊಂದರ ದನಿ ಯಾವಾಗಲೂ ತಲೆಯ ಮೇಲಿನ ಕೊಂಬೆಗಳಿಂದಲೇ ಬರುತ್ತಿತ್ತು. ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳುತ್ತ ಹದಿನೈದು ರಾತ್ರಿ ಅಳೆದ ಮೇಲೆ, ಪರಸ್ಪರ ಸ್ಪರ್ಧೆಯಿಂದಾಗಿಯೇ ಇವು ಬೇರೆ ಬೇರೆ ಎತ್ತರಕ್ಕೆ ವಿಕಾಸಗೊಂಡಿವೆ ಎಂದು ವರದಿಯಲ್ಲಿ ಬರೆದೆ.

ನಮ್ಮ ಮೇಡಂ ಅದನ್ನು ಓದಿ, "ಇವೆರಡರಲ್ಲಿ ಒಂದೇ ಇರುವ ಜಾಗ ನೋಡಿದ್ದೀರಾ? ಅಲ್ಲಿ ಅದು ಎಷ್ಟು ಎತ್ತರದಲ್ಲಿ ಕೂರುತ್ತದೆ?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ಪೆಸಿಫಿಕ್ ಸಾಗರದ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ದ್ವೀಪದ ಕೆಲಸವನ್ನು ಓದಿದಾಗ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಅಲ್ಲಿನ ಫಿಂಚ್ ಹಕ್ಕಿಗಳ ಕೊಕ್ಕನ್ನು ಅಳೆದರು. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದು, ನಮ್ಮ ನೆಗ್ಗಿಲಮುಳ್ಳಿನ ಕುಲಕ್ಕೇ ಸೇರಿದ ಗಿಡವೊಂದರ ಗಟ್ಟಿ ಬೀಜಗಳು ಉಳಿದಾಗ, ಮಧ್ಯಮ ನೆಲಫಿಂಚ್ ಎಂಬ ಜಾತಿಯಲ್ಲಿ ಅವನ್ನು ಒಡೆಯಬಲ್ಲ ದೊಡ್ಡ ಕೊಕ್ಕಿನವೇ ಹೆಚ್ಚಾಗಿ ಬದುಕಿದವು; ಮುಂದಿನ ಪೀಳಿಗೆಯ ಕೊಕ್ಕು ಹಿಗ್ಗಿತು. 1982ರಲ್ಲಿ ಅದೇ ಬೀಜ ತಿನ್ನುವ ದೊಡ್ಡ ನೆಲಫಿಂಚ್ ಎಂಬ ಬೇರೆ ಜಾತಿ ಬಂದು ನೆಲೆಸಿತು. 2004-05ರಲ್ಲಿ ಮತ್ತೆ ಬರ ಬಿದ್ದಾಗ ಆ ದೊಡ್ಡ ಹಕ್ಕಿಗಳು ನೆಗ್ಗಿಲ ಬೀಜವನ್ನು ಬಹುಪಾಲು ಮುಗಿಸಿದ್ದರಿಂದ, ಮಧ್ಯಮ ಫಿಂಚ್‌ಗಳಲ್ಲಿ ಈ ಸಲ ದೊಡ್ಡ ಕೊಕ್ಕಿನವೇ ಹೆಚ್ಚಾಗಿ ಸತ್ತವು, ಸರಾಸರಿ ಕೊಕ್ಕು ಕಿರಿದಾಯಿತು. ದ್ವೀಪ ಅದೇ, ಬೀಜವೂ ಅದೇ; ಎದುರಾಳಿ ಇಲ್ಲದಾಗ ಒಂದು ದಿಕ್ಕು, ಇದ್ದಾಗ ಅದರ ವಿರುದ್ಧ ದಿಕ್ಕು. ಸ್ಪರ್ಧಿ ಜಾತಿಯಿಂದಾಗಿ ಹೀಗೆ ಒಂದು ಜಾತಿಯ ಲಕ್ಷಣ ಬದಲಾಗುವುದನ್ನು ಲಕ್ಷಣ ಪಲ್ಲಟ ಎನ್ನುತ್ತಾರೆ. ಹೀಗೆ ಕಣ್ಣೆದುರೇ ನಡೆದು, ವರ್ಷ ವರ್ಷವೂ ಅಳತೆಗೆ ಸಿಕ್ಕ ಉದಾಹರಣೆಗಳು ಬಹಳ ಕಡಿಮೆ.

ನನ್ನ ಕಪ್ಪೆಗಳ ವಿಷಯದಲ್ಲಿ ಅಂಥ ಹೋಲಿಕೆಯೇ ಇರಲಿಲ್ಲ. ಅವೆರಡೂ ಬೇರೆಲ್ಲೋ ವಿಕಾಸಗೊಂಡು, ಮೊದಲೇ ಭಿನ್ನವಾಗಿದ್ದೇ ಆ ಹಳ್ಳಕ್ಕೆ ಬಂದಿರಬಹುದು. ಇಲ್ಲವೇ ಮೇಲಿನ ದನಿ ಕೇಳಿದ ದಿನ ಮಾತ್ರ ಕೆಳಗಿನದು ಕೆಳಗೆ ಸರಿಯುತ್ತಿರಬಹುದು; ಅದು ನಡವಳಿಕೆಯಾಗುತ್ತದೆಯೇ ಹೊರತು ವಿಕಾಸವಲ್ಲ.

ಮರುವರ್ಷ, ಕೆಳಗಿನ ಜಾತಿ ಮಾತ್ರ ಇರುವ ಒಂದು ಸೊಪ್ಪಿನಬೆಟ್ಟವನ್ನು ಹುಡುಕಿ ಅಷ್ಟೇ ರಾತ್ರಿಗಳನ್ನು ಅಲ್ಲಿ ಕಳೆದೆ. ಮೇಲಿನ ಕೊಂಬೆಗಳೆಲ್ಲ ಖಾಲಿ ಇದ್ದರೂ ಅದು ಅಲ್ಲಿಯೂ ಮೊಣಕಾಲೆತ್ತರದಲ್ಲೇ ಕುಳಿತು ಕೂಗುತ್ತಿತ್ತು. ಹಳೆಯ ವರದಿಯ ಆ ವಾಕ್ಯವನ್ನು ಹೊಡೆದುಹಾಕಿ, ಎರಡೂ ಜಾಗದ ಅಳತೆಗಳನ್ನು ಪಕ್ಕಪಕ್ಕದಲ್ಲಿ ಬರೆದು ಮೇಡಂಗೆ ಕೊಟ್ಟೆ.